ಯಾರಿಗೂ ಬೇಡದ ಚೀಲ

ಬೆಳಗಿನ ಏಳೂವರೆ. ದಕ್ಷಿಣ ಬೆಂಗಳೂರಿನ ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದ ಮುಂದೆ ಆಟೋ ಟಿಪ್ಪರೊಂದು ಬೆನ್ನೆತ್ತಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಸುರಿದು ಹೊರಟಿತು. ತಗಡಿನ ಮಾಡು, ಮೂರು ಕಡೆ ಗೋಡೆ, ಮುಂದೊಂದು ಜಾಲರಿ ಗೇಟು, ಇಷ್ಟೇ ಕಟ್ಟಡ. ರಾಶಿಯ ಸುತ್ತ ಐವರು ಹೆಂಗಸರು ಆಗಲೇ ಕೂತಿದ್ದರು. ಒಬ್ಬೊಬ್ಬರ ಬೆನ್ನ ಹಿಂದೆ ಬಾಯಿ ಮಡಚಿಟ್ಟ ಚೀಲಗಳ ಸಾಲು. ರಾಶಿಯಿಂದ ಒಂದು ವಸ್ತು ಕೈಗೆ ಬಂದರೆ ಅದು ಯಾವ ಚೀಲಕ್ಕೆ ಹೋಗಬೇಕೆಂದು ಅವರು ತಿರುಗಿ ನೋಡುವುದಿಲ್ಲ. ಕೈ ಹಿಂದಕ್ಕೆ ಬೀಸುತ್ತದೆ, ವಸ್ತು ಸರಿಯಾದ ಬಾಯಿಗೇ ಬೀಳುತ್ತದೆ.

"ಮೇಡಂ, ಈ ಕಡೆ ಬನ್ನಿ. ಅಲ್ಲಿ ಗಾಜಿರ್ತದೆ," ಎಂದರು ಕೇಂದ್ರ ನಡೆಸುವ ಅಕ್ಕ. ಹದಿನೈದು ವರ್ಷದ ಹಿಂದೆ ಇದೇ ಬಡಾವಣೆಯ ಬೀದಿಗಳಲ್ಲಿ ಗೋಣಿಚೀಲ ಹೆಗಲಿಗೇರಿಸಿ ಚಿಂದಿ ಆಯುತ್ತಿದ್ದವರು ಅವರು. "ಆಗ ನಾಯೀನೂ ಅಟ್ಟಿಸ್ಕೊಂಡು ಬರೋವು, ಜನಾನೂ ಅಟ್ಟೋರು. ಈಗ ಒಂದಿನ ಗಾಡಿ ತಡ ಆದ್ರೆ ಅದೇ ಮನೆಯೋರು ಫೋನ್ ಮಾಡ್ತಾರೆ."

ಈ ಬದಲಾವಣೆ ತಾನಾಗಿ ಬಂದದ್ದಲ್ಲ. 2012ರಲ್ಲಿ ಮಂಡೂರಿನ ಜನ ತಮ್ಮೂರಿನ ತಲೆಮೇಲೆ ಬೀಳುತ್ತಿದ್ದ ಬೆಂಗಳೂರಿನ ಕಸದ ಲಾರಿಗಳನ್ನು ತಡೆದು ನಿಲ್ಲಿಸಿದರು. ನಗರದ ಮೂಲೆಮೂಲೆಯಲ್ಲಿ ಕಸ ಕೊಳೆಯಿತು. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂಬ ಆಜ್ಞೆ ಆ ವರ್ಷವೇ ಬಂತು. 2014ರ ಕೊನೆಗೆ ಮಂಡೂರಿನ ಗುಂಡಿ ಮುಚ್ಚಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು 'ಎರಡು ಬುಟ್ಟಿ, ಒಂದು ಚೀಲ' ಎಂಬ ಪದ್ಧತಿಯನ್ನು ಕಡ್ಡಾಯ ಮಾಡಿತು. ಈ ನಡುವೆಯೇ ಹಸಿರು ದಳದಂಥ ಸಂಸ್ಥೆಗಳ ಒತ್ತಾಯದಿಂದ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಅಕ್ಕನ ಚೀಟಿ ಅಂಚು ಸವೆದು, ಪ್ಲಾಸ್ಟಿಕ್ ಕವಚದೊಳಗೆ ಫೋಟೊ ಮಾಸಿದೆ. ಅದನ್ನವರು ಮೇಜಿನ ಡ್ರಾಯರಿನಲ್ಲಿ, ಹಣದ ಪೆಟ್ಟಿಗೆಯ ಕೆಳಗೆ ಇಟ್ಟಿದ್ದಾರೆ.

ನಾನು ಚೀಲಗಳ ಸಾಲಿನುದ್ದಕ್ಕೂ ನಡೆದೆ. ನೀರಿನ ಬಿಳಿ ಬಾಟಲಿಗೆ ಒಂದು ಚೀಲ, ಹಸಿರು ಬಾಟಲಿಗೆ ಬೇರೆಯದು. ಹಾಲಿನ ಕವರಿಗೆ ಪ್ರತ್ಯೇಕ ಚೀಲ. ಶಾಂಪೂ, ಫಿನಾಯಿಲ್ ಡಬ್ಬಿಗಳಿಗೆ ಮತ್ತೊಂದು, ಅವು 'ಎಚ್‌ಡಿ'. ಹೋಟೆಲಿನಿಂದ ಸಾಂಬಾರು ತುಂಬಿ ಬರುವ ಡಬ್ಬಿ 'ಪಿಪಿ'. ರಟ್ಟು, ಪೇಪರು, ಬಿಳಿ ಹಾಳೆ, ಟೆಟ್ರಾ ಪ್ಯಾಕು, ತಗಡು, ಅಲ್ಯುಮಿನಿಯಂ ಕ್ಯಾನು, ಗಾಜು, ಚಪ್ಪಲಿ. ಬಾಟಲಿಯ ಮುಚ್ಚಳಕ್ಕೂ ಅದರದೇ ಚೀಲ, ಏಕೆಂದರೆ ಬಾಟಲಿಯ ಪ್ಲಾಸ್ಟಿಕ್ಕೇ ಬೇರೆ, ಮುಚ್ಚಳದ್ದೇ ಬೇರೆ. ಇಪ್ಪತ್ತಕ್ಕೂ ಹೆಚ್ಚು ಚೀಲ. ಇವುಗಳಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ವ್ಯಾಪಾರಿ, ಒಂದೊಂದು ದರ. ದರ ವಾರಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ. ಅಕ್ಕನ ಬಾಯಲ್ಲಿ ಅದು ತರಕಾರಿ ದರದಷ್ಟೇ ಸಲೀಸು.

ಹಿಂದಿನ ಗೋಡೆಯ ಮೂಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚೀಲವೊಂದು ಒಂಟಿಯಾಗಿ ನಿಂತಿತ್ತು. ಬಾಯಿಗೆ ದಾರ ಕಟ್ಟಿರಲಿಲ್ಲ. ಇಣುಕಿದರೆ ಒಳಗೆಲ್ಲ ಬೆಳ್ಳಿಯ ಹೊಳಪು: ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಸುತ್ತು, ಮಸಾಲೆ ಪುಡಿಯ ಕವರು, ಗುಟ್ಕಾ ಚೀಟಿ.

"ಇದನ್ಯಾರು ತಗೊಳ್ತಾರೆ ಅಕ್ಕ?"

"ಯಾರೂ ತಗೊಳಲ್ಲ ಮೇಡಂ. ಹಾಗಂತ ಬಿಡೋಕೂ ಆಗಲ್ಲ. ನಾವ್ ಬಿಟ್ರೆ ಮೋರಿ ಸೇರತ್ತೆ."

ಯಾರಿಗೂ ಬೇಡವಾದುದೇಕೆ ಎಂಬುದಕ್ಕೆ ಉತ್ತರ ಆ ಹೊಳಪಿನಲ್ಲೇ ಇದೆ. ಒಂದು ಚಿಪ್ಸ್ ಪೊಟ್ಟಣದಲ್ಲಿ ಎರಡು ಮೂರು ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹೊರಗೆ ಬಣ್ಣದ ಅಚ್ಚು ಹಿಡಿಯುವ ಪದರ, ಒಳಗೆ ಗಾಳಿ, ತೇವ, ಬೆಳಕು ತಡೆಯುವ ಲೋಹದ ತೆಳು ಲೇಪ, ಅದರೊಳಗೆ ಕಾಯಿಸಿ ಬಾಯಿ ಮುಚ್ಚಲು ಮತ್ತೊಂದು ಪದರ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಗರಿಗರಿ ಉಳಿಸುವ ಈ ಜಾಣತನವೇ ಶೆಡ್ಡಿಗೆ ಬಂದಾಗ ಶಾಪವಾಗುತ್ತದೆ. ಪದರ ಬಿಡಿಸಲು ಕೈಯಿಂದಾಗದು, ಒಟ್ಟಿಗೆ ಕರಗಿಸಿದರೆ ಒಳ್ಳೆಯ ಮಾಲು ಬಾರದು.

ಇನ್ನೊಂದು ಲೆಕ್ಕವನ್ನು ನಾನು ಅಲ್ಲಿಯೇ ಕೂತು ಕಲಿತೆ. ನೆಲದಿಂದ ಒಂದು ವಸ್ತುವನ್ನು ಎತ್ತಿ ಚೀಲಕ್ಕೆ ಹಾಕಲು ಆ ಹೆಂಗಸಿನ ಕೈಗೆ ಬೇಕಾದ ಶ್ರಮ ಎಲ್ಲದಕ್ಕೂ ಒಂದೇ. ಒಂದು ಲೀಟರಿನ ನೀರಿನ ಬಾಟಲಿ ಇಪ್ಪತ್ತು ಗ್ರಾಂ ಆಸುಪಾಸು. ಸುಮಾರು ಐವತ್ತು ಸಲ ಕೈ ಬೀಸಿದರೆ ಒಂದು ಕಿಲೋ. ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ ಎರಡು ಮೂರು ಗ್ರಾಂ. ಕಿಲೋ ತುಂಬಲು ಮುನ್ನೂರರಿಂದ ಐನೂರು ಸಲ ಬೀಸಬೇಕು. ಗುಟ್ಕಾ ಚೀಟಿಯಾದರೆ ಸಾವಿರ ದಾಟುತ್ತದೆ. ಹೀಗಾಗಿ ಪೊಟ್ಟಣಕ್ಕೆ ಕಿಲೋಗೆ ಒಂದೆರಡು ರೂಪಾಯಿ ಸಿಕ್ಕರೂ ಅದನ್ನು ಎತ್ತಿದ ಕೈಗೆ ಕೂಲಿ ಹುಟ್ಟುವುದಿಲ್ಲ. ನಮ್ಮ ಕೆರೆ ದಂಡೆಗಳಲ್ಲಿ ಬಾಟಲಿ ವಿರಳ, ಪೊಟ್ಟಣ ಅಪಾರ. ಜನಕ್ಕೆ ಶಿಸ್ತಿಲ್ಲ ಎಂದು ನಾವು ಬೈಯುತ್ತೇವೆ. ಶಿಸ್ತಿನ ಮಾತು ನಿಜವೇ. ಆದರೆ ಬಾಟಲಿಯನ್ನೂ ಅದೇ ಜನ ಎಸೆಯುತ್ತಾರೆ. ಬಾಟಲಿಯನ್ನು ಹೆಕ್ಕಲು ಒಬ್ಬರು ಬರುತ್ತಾರೆ, ಪೊಟ್ಟಣಕ್ಕೆ ಬರುವುದಿಲ್ಲ.

ಹೆಕ್ಕಲು ಯಾರೂ ಬಾರದ ವಸ್ತುವಿಗೆ ಬೆಲೆ ಹುಟ್ಟಿಸುವುದು ಹೇಗೆ? ಮಾಡಿ ಮಾರಿದವನೇ ಕೊಡಬೇಕು ಎಂಬುದು ಒಂದು ಉತ್ತರ. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ತಮ್ಮ ದೇಶದ ಪರಿಸರ ಸಚಿವಾಲಯಕ್ಕೆ ಬರೆದ ವರದಿಯಲ್ಲಿ ಇದಕ್ಕೊಂದು ಹೆಸರಿಟ್ಟರು. ನಮ್ಮಲ್ಲಿ ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ ಎನ್ನುತ್ತೇವೆ, ಶೆಡ್ಡಿನಲ್ಲಿ 'ಇಪಿಆರ್'. ಮರುವರ್ಷವೇ ಜರ್ಮನಿ ಪ್ಯಾಕಿಂಗ್ ಸಾಮಾನಿಗೆ ಕಾನೂನು ಮಾಡಿತು. ನಮ್ಮಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲಿ ಹೊಣೆಯ ಮಾತು ಇತ್ತಾದರೂ ಅದಕ್ಕೆ ಹಲ್ಲು ಬಂದದ್ದು 2022ರ ಫೆಬ್ರವರಿಯ ತಿದ್ದುಪಡಿಯಿಂದ. ಗಟ್ಟಿ ಪ್ಲಾಸ್ಟಿಕ್ ಒಂದನೆಯ ವರ್ಗ, ಹಾಳೆಯಂಥ ತೆಳು ಪ್ಲಾಸ್ಟಿಕ್ ಎರಡನೆಯದು, ಪ್ಲಾಸ್ಟಿಕ್ಕಿನ ಜೊತೆ ಬೇರೆ ವಸ್ತುವಿನ ಪದರವೂ ಸೇರಿದ್ದು ಮೂರನೆಯದು, ಗೊಬ್ಬರವಾಗಬಲ್ಲದ್ದು ನಾಲ್ಕನೆಯದು. ಕಂಪನಿ ಎಷ್ಟು ಟನ್ ಪ್ಯಾಕಿಂಗ್ ಮಾರುಕಟ್ಟೆಗೆ ಬಿಟ್ಟಿದೆಯೋ ಅದರಲ್ಲಿ 2021–22ಕ್ಕೆ 25 ಪ್ರತಿಶತ, ಮರುವರ್ಷ 70, 2023–24ರಿಂದ ಪೂರ್ತಿ 100 ಪ್ರತಿಶತಕ್ಕೆ ಲೆಕ್ಕ ಒಪ್ಪಿಸಬೇಕು. ಲೆಕ್ಕವೆಂದರೆ ಪ್ರಮಾಣಪತ್ರ. ಮರುಬಳಕೆ ಮಾಡಿದ ಘಟಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ಪ್ರಮಾಣಪತ್ರ ಹುಟ್ಟಿಸುತ್ತದೆ, ಕಂಪನಿ ಅದನ್ನು ಕೊಳ್ಳುತ್ತದೆ. ಕೊಳ್ಳದಿದ್ದರೆ ಪರಿಸರ ಪರಿಹಾರ ಕಟ್ಟಬೇಕು, ಕಟ್ಟಿದ ಮೇಲೂ ಬಾಕಿ ಹೊಣೆ ಮುಂದಿನ ವರ್ಷಕ್ಕೆ ದಾಟುತ್ತದೆ.

ಒಂದು ದೊಡ್ಡ ವ್ಯಾಪಾರದ ಬಾಗಿಲು ತೆರೆದದ್ದು ಹೀಗೆ. ಅದರ ಒಂದು ತುದಿ ದೆಹಲಿಯ ಕಂಪ್ಯೂಟರಿನಲ್ಲಿದೆ. ಇನ್ನೊಂದು ತುದಿ ಈ ಶೆಡ್ಡಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದೆ.

ಹನ್ನೊಂದರ ಹೊತ್ತಿಗೆ ಶಾಂಪೂ ಡಬ್ಬಿ, ಮುರಿದ ಬಕೆಟ್ಟುಗಳ ಚೀಲಗಳನ್ನು ಹೇರಿಕೊಂಡು ಸಣ್ಣ ಲಾರಿಯೊಂದು ಮೈಸೂರು ರಸ್ತೆಯ ಕಡೆ ಹೊರಟಿತು. ನಾನೂ ಹತ್ತಿದೆ.

ನಾಯಂಡಹಳ್ಳಿ ಎಂದರೆ ಬಹಳ ಜನಕ್ಕೆ ಮೆಟ್ರೊ ನಿಲ್ದಾಣ, ಸಿಗ್ನಲ್ಲಿನ ಗೋಜಲು, ಪಕ್ಕದಲ್ಲಿ ನೊರೆಗಟ್ಟಿ ಹರಿಯುವ ವೃಷಭಾವತಿ. ಮುಖ್ಯರಸ್ತೆ ಬಿಟ್ಟು ಒಳಗಿನ ಓಣಿಗಳಿಗೆ ಇಳಿದರೆ ಬೇರೆಯದೇ ಊರು. ಮನೆಯ ಎತ್ತರಕ್ಕೆ ಪೇರಿಸಿದ ಡ್ರಮ್ಮುಗಳು, ಬಣ್ಣಬಣ್ಣದ ಚೂರು ಒಣಹಾಕಿದ ಅಂಗಳಗಳು, ಶೀಟಿನ ಗೋಡೆಯಾಚೆ ಗ್ರೈಂಡರಿನ ಗರಗರ. ಕನ್ನಡ, ದಖ್ಖನಿ ಉರ್ದು, ತಮಿಳು, ಈಚೆಗೆ ಬಂಗಾಳಿ, ಎಲ್ಲವೂ ಒಂದೇ ವಾಕ್ಯದಲ್ಲಿ ಕಲೆತು ಕೇಳುತ್ತವೆ.

ಘಟಕದ ಯಜಮಾನರನ್ನು ಎಲ್ಲರೂ ಭಾಯಿ ಎನ್ನುತ್ತಾರೆ. ತಂದೆಯ ಕಾಲದಿಂದ ಇದೇ ಕಸುಬು. ನಾನು ಬಂದ ಉದ್ದೇಶ ಹೇಳುತ್ತಿದ್ದಂತೆ ಅವರು ನೆಲದಿಂದ ಒಂದು ಚೂರು ಎತ್ತಿ ನನ್ನ ಕಿವಿಯ ಬಳಿ ಬಗ್ಗಿಸಿದರು. "ಕೇಳಿ ಮೇಡಂ, ಸದ್ದಿಲ್ಲ, ಬಗ್ಗತ್ತೆ. ಇದು ಎಚ್‌ಡಿ. ಈಗ ಇದು." ಟಕ್ಕನೆ ಮುರಿಯಿತು. "ಇದು ಬೇರೆ ಜಾತಿ. ಎರಡೂ ಸೇರಿದ್ರೆ ದಾಣಾ ಹಾಳು." ಅನುಮಾನ ಬಂದರೆ ಅಂಚಿಗೆ ಲೈಟರ್ ಹಿಡಿಯುತ್ತಾರೆ. ಮೇಣದಬತ್ತಿಯ ವಾಸನೆ ಬಂದರೆ ಒಂದು ಬಗೆ, ಮೂಗಿಗೆ ಖಾರದ ಘಾಟು ಹೊಡೆದರೆ ಪಿವಿಸಿ. ಪಿವಿಸಿ ಬೆರೆತರೆ ಕಾದ ಯಂತ್ರದಲ್ಲಿ ಆಮ್ಲ ಬಿಡುತ್ತದೆ, ಇಡೀ ಕೊಪ್ಪರಿಗೆಯ ಮಾಲು ಕರಕಲು. ಇನ್ನೂ ಗೊತ್ತಾಗದಿದ್ದರೆ ನೀರಿನ ತೊಟ್ಟಿ ಇದ್ದೇ ಇದೆ. ಎಚ್‌ಡಿ, ಪಿಪಿ ತೇಲುತ್ತವೆ. ಬಾಟಲಿಯ ಪೆಟ್, ಪಿವಿಸಿ ಮುಳುಗುತ್ತವೆ. ಬೆರಳು, ಕಿವಿ, ಮೂಗು, ನೀರು. ಮೂವತ್ತು ವರ್ಷದ ಈ ವಿದ್ಯೆಗೆ ಸರ್ಟಿಫಿಕೇಟು ಕೊಡುವ ಕಾಲೇಜು ಎಲ್ಲೂ ಇಲ್ಲ, ಆದರೆ ಇದಿಲ್ಲದೆ ಯಾವ ಯಂತ್ರ ತಂದಿಟ್ಟರೂ ಒಳ್ಳೆಯ ಮಾಲು ಹೊರಬಾರದು.

ಚೂರು ಮಾಡುವ ಯಂತ್ರ, ತೊಳೆಯುವ ತೊಟ್ಟಿ, ಒಣಗಿಸುವ ಡ್ರಮ್ಮು ದಾಟಿ ನಾನು ಬಹಳ ಹೊತ್ತು ನಿಂತದ್ದು ಕೊನೆಯ ಯಂತ್ರದ ಮುಂದೆ. ಕಾದ ಕೊಳವೆಯೊಳಗೆ ತಿರುಪೊಂದು ಕರಗಿದ ಪ್ಲಾಸ್ಟಿಕ್ಕನ್ನು ಮುಂದಕ್ಕೆ ನೂಕುತ್ತದೆ. ತುದಿಯ ಜರಡಿಯಿಂದ ಅದು ಎಳೆಎಳೆಯಾಗಿ ಹೊರಬರುತ್ತದೆ, ನಮ್ಮ ಶಾವಿಗೆ ಒರಳಿನಿಂದ ಬಂದಂತೆಯೇ. ಬಿಸಿ ಎಳೆಗಳು ನೀರಿನ ದೋಣಿಯಲ್ಲಿ ಈಜಿ ತಣ್ಣಗಾಗಿ ಕತ್ತರಿಸುವ ಚಕ್ರಕ್ಕೆ ಹೋಗುತ್ತವೆ. ಆಚೆ ಕಡೆ ಚೀಲಕ್ಕೆ ಸಾಸಿವೆಗಿಂತ ದಪ್ಪ, ಅವರೆಗಿಂತ ಸಣ್ಣ ಕಾಳುಗಳು ಸುರಿಯುತ್ತವೆ. ಇದೇ ದಾಣಾ. ಭಾಯಿ ಒಂದು ಹಿಡಿ ನನ್ನ ಅಂಗೈಗೆ ಹಾಕಿದರು. ಇನ್ನೂ ಬೆಚ್ಚಗಿತ್ತು. ಬೆಳಿಗ್ಗೆ ಅಕ್ಕನ ಶೆಡ್ಡಿನಲ್ಲಿ ಕಂಡ ಯಾವುದೋ ಮನೆಯ ಬಕೆಟ್ಟು ಇದರಲ್ಲಿರಬಹುದು, ನಾಳೆ ಅದು ಪೈಪೋ ಹೂಕುಂಡವೋ ಆಗುತ್ತದೆ.

"ಇಪಿಆರ್ ಬಂದ ಮೇಲೆ ನಿಮ್ಮ ವ್ಯಾಪಾರ ಹೇಗಿದೆ?"

ಭಾಯಿ ಎರಡು ಕುರ್ಚಿ ತರಿಸಿದರು. ಚಹಾ ಬಂತು. ಅವರು ಹೇಳಿದ್ದರ ಸಾರ ಇಷ್ಟು. ದಾಣಾದ ದರ ನಾಯಂಡಹಳ್ಳಿಯಲ್ಲಿ ನಿಶ್ಚಯವಾಗುವುದಿಲ್ಲ, ಕಚ್ಚಾ ತೈಲದ ಜೊತೆ ಏರಿಳಿಯುತ್ತದೆ. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗ. ಆಗ ಹಳೆಯದನ್ನು ಕೇಳುವವರಿಲ್ಲ. 2021ರ ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿ 5ರಿಂದ 18 ಪ್ರತಿಶತಕ್ಕೆ ಏರಿತು. ಬಿಲ್ ಮಾಡಿಸಿ ಕೊಳ್ಳುವವನಿಗೆ ಅದು ಹೊರೆ, ಬಿಲ್ಲಿಲ್ಲದೆ ಕೊಳ್ಳುವವನಿಗೆ ಅದೇ ಲಾಭ. ಪ್ರಮಾಣಪತ್ರ ಹುಟ್ಟಿಸಬೇಕಾದರೆ ಪೋರ್ಟಲಿನಲ್ಲಿ ನೋಂದಣಿ ಬೇಕು. ನೋಂದಣಿಗೆ ಮಾಲಿನ್ಯ ಮಂಡಳಿಯ ಒಪ್ಪಿಗೆ, ತೊಳೆದ ನೀರನ್ನು ಶುದ್ಧ ಮಾಡುವ ವ್ಯವಸ್ಥೆ, ಜಿಎಸ್‌ಟಿ ದಾಖಲೆ ಬೇಕು. ಎರಡು ಯಂತ್ರದ ಘಟಕಕ್ಕೆ ಇವೆಲ್ಲ ಎಟುಕುವುದು ಕಷ್ಟ. "ಕೆಲಸ ನಾವು ಮಾಡ್ತೀವಿ, ಕಾಗದ ಬೇರೆಯವರದ್ದು," ಎಂದರು.

ನನಗೆ ಇಲ್ಲಿ ಭಾಯಿಯ ಮಾತನ್ನು ಅರ್ಧ ಒಪ್ಪಲಾಗುತ್ತದೆ, ಅರ್ಧ ಆಗುವುದಿಲ್ಲ. ವೃಷಭಾವತಿಯ ಪಕ್ಕದಲ್ಲಿ ನಿಂತು ತೊಳೆದ ನೀರು ಎಲ್ಲಿಗಾದರೂ ಹೋಗಲಿ ಎನ್ನಲು ಬಾರದು. ಹಾಗೆಂದು ನಲವತ್ತು ವರ್ಷ ಈ ನಗರದ ಪ್ಲಾಸ್ಟಿಕ್ಕನ್ನು ಅರಗಿಸಿದ ಓಣಿಯನ್ನು ಅಕ್ರಮವೆಂದು ಮುಚ್ಚಿಸುವುದೂ ಪರಿಹಾರವಲ್ಲ. ಹತ್ತು ಘಟಕ ಸೇರಿ ಒಂದು ತೊಳೆಯುವ ಸಾಲು, ಒಂದು ನೀರು ಶುದ್ಧೀಕರಣ ಘಟಕ, ಒಂದು ನಂಬುವಂಥ ವೇಬ್ರಿಡ್ಜು, ಒಬ್ಬ ಲೆಕ್ಕಿಗ ಇಟ್ಟುಕೊಂಡರೆ ಆ ಓಣಿಯೇ ಪ್ರಮಾಣಪತ್ರ ಹುಟ್ಟಿಸಬಲ್ಲದು. ಬಂಡವಾಳ ಹೂಡಬೇಕೆಂದಿರುವ ಯುವಕರು ನನ್ನನ್ನು ಕೇಳಿದರೆ ನಾನು ತೋರಿಸುವ ಅವಕಾಶ ಇದೇ. ಹೊಸ ಕಾರ್ಖಾನೆಯನ್ನು ಹೊಸ ಜಾಗದಲ್ಲಿ ಕಟ್ಟಿ ಹೊಸಬರಿಗೆ ಕೆಲಸ ಕಲಿಸುವ ಬದಲು, ಕಲಿತ ಕೈಗಳಿರುವ ಕಡೆ ಇಲ್ಲದ್ದನ್ನು ತಂದುಕೊಡುವುದು.

ಬೇಡಿಕೆಯಂತೂ ಬಂದಾಗಿದೆ. ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ ಮರುಬಳಕೆಯ ಪಾಲು 2025–26ರಿಂದ 30 ಪ್ರತಿಶತ ಇರಬೇಕೆಂದೂ, ವರ್ಷಕ್ಕೆ ಹತ್ತರಂತೆ ಏರಿ 2028–29ಕ್ಕೆ 60 ಮುಟ್ಟಬೇಕೆಂದೂ 2022ರ ನಿಯಮ ಗೊತ್ತು ಮಾಡಿದೆ. ಆಹಾರ ತುಂಬುವ ಬಾಟಲಿಗೆ ಮರುಬಳಕೆಯ ಪೆಟ್ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ದಾರಿ ತೆರೆಯಿತು. ಅಲ್ಲಿಯವರೆಗೆ ಹಳೇ ಬಾಟಲಿಯ ಹಣೆಬರಹ ಹೆಚ್ಚಾಗಿ ನೂಲಾಗುವುದು, ಟೀ ಶರ್ಟು, ಕಾರ್ಪೆಟ್ಟು, ದಿಂಬಿನ ಹತ್ತಿಯಾಗುವುದು. ನೂಲಾದ ಬಾಟಲಿ ಮತ್ತೆ ಬಾಟಲಿಯಾಗದು. ಬಾಟಲಿಯಿಂದ ಬಾಟಲಿ ಮಾಡಬೇಕಾದರೆ ಕಾಸ್ಟಿಕ್ ಹಾಕಿದ ಬಿಸಿ ನೀರಿನ ತೊಳೆತ, ಅಂಟು ತೆಗೆಯುವುದು, ಹೀರಿದ ವಾಸನೆಯನ್ನು ಬಿಡಿಸುವುದು, ಎಲ್ಲ ಬೇಕು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಶುದ್ಧವಾಗಿ ವಿಂಗಡಿಸಿದ ಬಾಟಲಿ. ಅಂದರೆ ಮತ್ತೆ ಅಕ್ಕನ ಶೆಡ್ಡು.

ವಿಂಗಡಣೆಗಿಂತಲೂ ಹಿಂದಿನದು ವಿನ್ಯಾಸ. ಬಿಳಿ ಬಾಟಲಿಯ ಮಾಲು ಯಾವ ಬಣ್ಣಕ್ಕೂ ಒದಗುತ್ತದೆ, ಹಸಿರು ಬಾಟಲಿಯದು ಹಸಿರಿಗೇ ಕೊನೆ. 2022ರ ಆಗಸ್ಟಿನಲ್ಲಿ ಸ್ಪ್ರೈಟ್ ಉತ್ತರ ಅಮೆರಿಕದಲ್ಲಿ ದಶಕಗಳ ತನ್ನ ಹಸಿರು ಬಾಟಲಿ ಬಿಟ್ಟು ಬಣ್ಣವಿಲ್ಲದ ಬಾಟಲಿಗೆ ಬಂದದ್ದು ಈ ಕಾರಣಕ್ಕೆ. ಕಂಪನಿಯ ಕೋಣೆಯಲ್ಲಿ ಒಬ್ಬರು ತೆಗೆದುಕೊಂಡ ಅಂಥ ಒಂದು ತೀರ್ಮಾನ ಸಾವಿರಾರು ಶೆಡ್ಡುಗಳಲ್ಲಿ ಒಂದೊಂದು ಚೀಲ ಕಡಿಮೆ ಮಾಡುತ್ತದೆ. ಪೊಟ್ಟಣದ ಪದರಗಳೆಲ್ಲ ಒಂದೇ ಜಾತಿಯ ಪ್ಲಾಸ್ಟಿಕ್ಕಿನದಾದರೆ ಅದೂ ಭಾಯಿಯ ಯಂತ್ರಕ್ಕೆ ಹತ್ತಿರವಾಗುತ್ತದೆ.

ಮಧ್ಯಾಹ್ನ ಜಾಲಿ ಮೊಹಲ್ಲಾ. ಪೇಟೆಯ ಇಕ್ಕಟ್ಟಿನಲ್ಲಿ ರದ್ದಿ ಪೇಪರಿನ ಗೋಡೌನುಗಳು, ತಲೆಹೊರೆ, ಕೈಗಾಡಿ. ನಡೆಯಲು ಜಾಗವಿಲ್ಲದ್ದರಿಂದ ಇಲ್ಲಿ ಹೆಚ್ಚು ನಿಲ್ಲಲಿಲ್ಲ. ಆದರೆ ಪಕ್ಕದ ರಸ್ತೆಯ ಬ್ಯಾಟರಿ ಅಂಗಡಿಯ ಮುಂದೆ ಕಾಲು ತಡೆಯಿತು. ಹಳೇ ಬ್ಯಾಟರಿ ತಂದರೆ ಹೊಸದರಲ್ಲಿ ಇಷ್ಟು ಕಡಿಮೆ ಎಂಬ ಮಾತು ನಮಗೆ ಎಷ್ಟು ವರ್ಷದಿಂದ ಗೊತ್ತು! ಒಳಗಿನ ಸೀಸಕ್ಕೆ ಬೆಲೆ ಇದೆ, ಆದ್ದರಿಂದ ಮಾರಿದವನೇ ಮರಳಿ ಕೊಳ್ಳುತ್ತಾನೆ. ರಸ್ತೆ ಬದಿಯಲ್ಲಿ ಬಿದ್ದ ಸ್ಕೂಟರ್ ಬ್ಯಾಟರಿಯನ್ನು ಯಾರೂ ಕಂಡಿರಲಾರರು. ಗೋಲಿ ಸೋಡಾದ ಬಾಟಲಿಯೂ ಹಾಗೆಯೇ, ಕುಡಿದು ಅಲ್ಲೇ ಕೊಡಬೇಕು. ಹಳೇ ಜರಿ ಸೀರೆಗೆ ಪಾತ್ರೆ ಕೊಡುವವಳು ನಮ್ಮ ಬೀದಿಗೆ ಈಗಲೂ ಬರುತ್ತಾಳೆ. ಆವರ್ತ ಆರ್ಥಿಕತೆ ಎಂಬುದು ಹೊಸ ಹೆಸರು. ಕೊಟ್ಟವನೇ ಮರಳಿ ಪಡೆಯುವ ಸಂಬಂಧ ನಮಗೆ ಹಳೆಯದು, ಬಳಸಿ ಬಿಸಾಡುವ ಪೊಟ್ಟಣ ಅದನ್ನು ಕಡಿದುಹಾಕಿತು.

ಎಸ್.ಪಿ. ರಸ್ತೆಯ ಹಳೇ ಕಂಪ್ಯೂಟರ್ ಅಂಗಡಿಗಳ ಕಥೆ ಇನ್ನೊಂದು ದಿನದ್ದು. ಇಷ್ಟು ಮಾತ್ರ ಹೇಳಬೇಕು: ಪಿ. ಪಾರ್ಥಸಾರಥಿಯವರ ಇ-ಪರಿಸರ ದಾಬಸ್‌ಪೇಟೆಯಲ್ಲಿ 2005ರಲ್ಲೇ ವಿದ್ಯುನ್ಮಾನ ತ್ಯಾಜ್ಯವನ್ನು ಕ್ರಮಬದ್ಧವಾಗಿ ಬಿಡಿಸಲು ತೊಡಗಿತ್ತು. ಕಾನೂನಿನ ಬಲವಿಲ್ಲದ ಆ ದಿನಗಳಲ್ಲಿ ಕಂಪನಿಗಳ ಬಾಗಿಲು ತಟ್ಟಿ ಹಳೇ ಬೋರ್ಡುಗಳನ್ನು ತರಿಸಿಕೊಳ್ಳುವುದು ಸುಲಭವಿರಲಿಲ್ಲ. ಈಗ ಇಂಥ ತ್ಯಾಜ್ಯಕ್ಕೆ 2023ರ ಏಪ್ರಿಲಿನಿಂದ ಜಾರಿಯಾದ ಹೊಸ ನಿಯಮಗಳಿವೆ, ಬ್ಯಾಟರಿಗೆ 2022ರ ನಿಯಮಗಳಿವೆ. ಮುಂದೆ ರಾಶಿ ಬೀಳಲಿರುವ ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿಗೆ ಸೀಸದ ಬ್ಯಾಟರಿಯಂಥ ಮರಳುದಾರಿ ಇನ್ನೂ ಕಟ್ಟಬೇಕಾಗಿದೆ. ಕಟ್ಟುವವರಿಗೆ ಕೈತುಂಬ ಕೆಲಸವಿದೆ.

ಸಂಜೆ ಮತ್ತೆ ಶೆಡ್ಡಿಗೆ ಬಂದೆ. ಮನಸ್ಸಿನಲ್ಲಿ ಒಂದು ಕಸಿವಿಸಿ ಇತ್ತು. 2023ರಲ್ಲಿ ಕೇಂದ್ರ ಮಂಡಳಿ ಪರಿಶೀಲಿಸಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಕೆಲವೇ ಘಟಕಗಳು ಹುಟ್ಟಿಸಿದ್ದ ಸುಮಾರು 6 ಲಕ್ಷ ಪ್ರಮಾಣಪತ್ರಗಳು ನಕಲಿ ಎಂದು ಗೊತ್ತಾಯಿತು. ಕರಗಿಸದ ಪ್ಲಾಸ್ಟಿಕ್ಕಿನ ಹೆಸರಲ್ಲಿ ಕಾಗದ ಮಾರಿಹೋಗಿತ್ತು. ಅಗ್ಗದ ನಕಲಿ ಕಾಗದ ಸಿಕ್ಕರೆ ನಿಜವಾದ ಮಾಲಿಗೆ ಯಾರು ಬೆಲೆ ಕೊಡುತ್ತಾರೆ? ಆ ವಂಚನೆಯ ಪೆಟ್ಟು ಬೀಳುವುದು ಪೋರ್ಟಲಿಗಲ್ಲ, ಈ ಐವರು ಹೆಂಗಸರ ಕೂಲಿಗೆ. ಕಂಪನಿಯಿಂದ ಹೊರಟ ಹಣ ಪೊಟ್ಟಣ ಹೆಕ್ಕಿದ ಬೆರಳನ್ನು ಮುಟ್ಟುವವರೆಗೆ ಪ್ರತಿ ಚೀಲದ ತೂಕ, ತಾರೀಖು, ಕೊಟ್ಟವರು, ಪಡೆದವರು ಯಾರು ಎಂಬುದರ ದಾಖಲೆ ಬೇಕು. ಆ ದಾಖಲೆ ಕಟ್ಟುವುದೂ ಒಂದು ಮರ್ಯಾದೆಯ ಉದ್ಯಮ, ನಮ್ಮ ಊರಿನ ಸಾಫ್ಟ್‌ವೇರ್ ಹುಡುಗರಿಗೆ ಬಹಳ ದೂರದ್ದೂ ಅಲ್ಲ.

ಅಕ್ಕ ಮೂಲೆಯ ಚೀಲವನ್ನು ಹೊರಗೆಳೆಯುತ್ತಿದ್ದರು. ತಿಂಗಳಿಗೊಮ್ಮೆ ಲಾರಿಯೊಂದು ಇಂಥ ಚೀಲಗಳನ್ನು ಒಟ್ಟುಗೂಡಿಸಿ ದೂರದ ಸಿಮೆಂಟ್ ಕಾರ್ಖಾನೆಗೆ ಒಯ್ಯುತ್ತದೆ, ಅಲ್ಲಿ ಅವು ಕಲ್ಲಿದ್ದಲ ಬದಲು ಗೂಡಿನಲ್ಲಿ ಉರಿಯುತ್ತವೆ. ಪದರಗಳ ಈ ಮೂರನೆಯ ವರ್ಗದಲ್ಲೂ 2024–25ರಿಂದ ಕನಿಷ್ಠ 30 ಪ್ರತಿಶತ, 2027–28ರ ಹೊತ್ತಿಗೆ 60 ಪ್ರತಿಶತ ಮರುಬಳಕೆಯಾಗಬೇಕೆಂದು ನಿಯಮವಿದೆ. ಮರುಬಳಕೆಯ ದಾರಿಗಳು ತೆರೆಯುವವರೆಗೆ ಮೋರಿ ಸೇರುವುದಕ್ಕಿಂತ ಉರಿಯುವುದು ಮೇಲು. ಉರಿಸುವುದಕ್ಕೂ ಈಗ ಕಂಪನಿಯ ಕಡೆಯಿಂದ ಕಿಲೋಗೆ ಇಷ್ಟೆಂದು ಒಂದಿಷ್ಟು ಬರುತ್ತದಂತೆ, ಅದು ತೂಕದ ಮೇಲೆ.

"ಮುಂಚೆ ಇದನ್ನ ತೂಗ್ತಾನೇ ಇರ್ಲಿಲ್ಲ ಮೇಡಂ," ಎಂದರು ಅಕ್ಕ. "ಈ ತುದಿ ಸ್ವಲ್ಪ ಹಿಡ್ಕೊಳ್ಳಿ."

ಹಿಡಿದೆ. ಅಷ್ಟು ದೊಡ್ಡ ಚೀಲ ಅಷ್ಟು ಹಗುರವಿರುತ್ತದೆಂದು ಅಂದುಕೊಂಡಿರಲಿಲ್ಲ. ತಕ್ಕಡಿಯ ಕೆಂಪು ಅಂಕಿ ಓಲಾಡಿ ಒಂದು ಕಡೆ ನಿಂತಿತು: ಹದಿನಾಲ್ಕು ಕಿಲೋ ಇನ್ನೂರು ಗ್ರಾಂ. ಅಕ್ಕನ ಮಗಳು ಹತ್ತನೇ ಕ್ಲಾಸು. ಗೋಡೆಗೊರಗಿ ಕೂತು ಉದ್ದನೆಯ ಪುಸ್ತಕ ತೆರೆದಳು, ತಾರೀಖು ಹಾಕಿದಳು, ಗೆರೆ ಎಳೆದಳು. ಚೀಲದ ಹೆಸರಿನ ಕಡೆ ಏನು ಬರೆಯಲಿ ಎಂದು ಅಮ್ಮನ ಮುಖ ನೋಡಿದಳು.

"ಚಿಪ್ಸ್ ಕವರ್ ಅಂತ ಬರಿ ಮಗ," ಎಂದು ಅಕ್ಕ ಚೀಲದ ಬಾಯಿಗೆ ದಾರ ಬಿಗಿದರು.